ಠಾಣೆಯ ಯಹೂದಿ ತಾಯಿ

ನನ್ನ ಮಗನ ಗೆಳೆಯರು ನನ್ನ ಮನೆಯಲ್ಲಿ ಕೂತು, ನಾನು ಬಡಿದುಕೊಟ್ಟ ಬಿಸಿ ರೊಟ್ಟಿ ಮುರಿಯುತ್ತ, ನನ್ನನ್ನು ‘ಜ್ಯೂಯಿಶ್ ಮದರ್’ ಎಂದು ಕರೆದರು. ಶನಿವಾರದ ಮಧ್ಯಾಹ್ನ. ದುಬೈಯ ಅಲ್ ಬರ್ಷಾದ ನಮ್ಮ ಫ್ಲಾಟಿನಲ್ಲಿ ರೊಟ್ಟಿ ಬಡಿದರೆ ಕೆಳಗಿನ ಮನೆಯವರು ವಾಚ್‌ಮನ್‌ಗೆ ಫೋನ್ ಮಾಡುತ್ತಾರೆ. ಅದಕ್ಕೇ ಕಲ್ಲಿನ ಕೆಳಗೆ ಟವೆಲ್ ಮಡಿಚಿ ಹಾಸಿ, ಕಳವಿನ ಕೆಲಸ ಮಾಡುವವರ ಹಾಗೆ ಮೆಲ್ಲಗೆ ಬಡಿಯುತ್ತೇನೆ. ಅಂಥ ರೊಟ್ಟಿಯನ್ನು ಎಣ್ಣೆಗಾಯಿಗೆ ಅದ್ದಿ ತಿನ್ನುತ್ತಿದ್ದ ಹುಡುಗಿಯೊಬ್ಬಳಿಗೆ ನಾನು ಇನ್ನೊಂದು ಹಾಕಲೇ ಎಂದು ಕೇಳಿದೆ. ಮಗನಿಗೆ, ಸಂಜೆ ಮಾಲ್‌ಗೆ ಹೋಗುವಾಗ ಜಾಕೆಟ್ ತಗೊಂಡು ಹೋಗು, ಅಲ್ಲಿ ಎಸಿ ಕೊರೆಯುತ್ತದೆ ಎಂದೆ. ನನ್ನ ಅಪರಾಧ ಇಷ್ಟೇ.

“ಆಂಟಿ, ಯೂ ಆರ್ ಸಚ್ ಅ ಜ್ಯೂಯಿಶ್ ಮದರ್” ಎಂದಳು ಹುಡುಗಿ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ಮಗ.

ಆ ಹುಡುಗಿ ಮಂಗಳೂರಿನವರ ಮಗಳು, ಹುಟ್ಟಿ ಬೆಳೆದದ್ದು ಶಾರ್ಜಾದಲ್ಲಿ, ಮಗನ ಆಫೀಸಿನಲ್ಲೇ ಕೆಲಸ. ಹಾಗೆಂದರೇನು ಎಂದು ಕೇಳಿದೆ.

“ಅಂದ್ರೆ ಆಂಟಿ, ತಿನ್ನು ತಿನ್ನು ಅಂತ ಹೇಳುದು, ಫೋನ್ ಮೇಲೆ ಫೋನ್ ಮಾಡುದು. ಮಕ್ಕಳು ಎಷ್ಟು ದೊಡ್ಡ ಆದ್ರೂ ಬಿಡುದೇ ಇಲ್ಲ. ಮತ್ತೆ ಗಿಲ್ಟ್ ಕೊಡುದು. ಬಯ್ದದ್ದಲ್ಲ ಆಂಟಿ, ಲವ್ವಿಂದ ಹೇಳಿದ್ದು.”

“ನೀ ಎಷ್ಟು ಮಂದಿ ಯಹೂದಿ ತಾಯಂದಿರನ್ನ ನೋಡೀಯವಾ?”

ಅವಳು ರೊಟ್ಟಿ ಹಿಡಿದುಕೊಂಡೇ ಯೋಚಿಸಿದಳು. ಒಬ್ಬರನ್ನೂ ನೋಡಿರಲಿಲ್ಲ. ಅಲ್ಲಿ ಕೂತಿದ್ದ ಯಾರೂ ನೋಡಿರಲಿಲ್ಲ. ಮಗ ಅವಳ ನೆರವಿಗೆ ಬಂದ. “ಅಮ್ಮಾ, ಇಟ್ಸ್ ಅ ಥಿಂಗ್. ಎವ್ರಿಬಡಿ ನೋಸ್.”

ಎಲ್ಲರಿಗೂ ಗೊತ್ತು, ಯಾರೂ ಕಂಡಿಲ್ಲ. ಅಮೆರಿಕದ ಯಾವುದೋ ಊರಿನ ಗಂಡಸರು ತಮ್ಮ ತಾಯಂದಿರ ಮೇಲೆ ಕಟ್ಟಿದ ನಗೆ ಟೀವಿಯಲ್ಲಿ ಹರಿದು, ಫೋನಿನಲ್ಲಿ ಹರಿದು, ಕೊನೆಗೆ ಬೆಳಗಾವಿ ಜಿಲ್ಲೆಯ ಗಾಣಿಗರ ಮಗಳಾದ ನನ್ನ ಅಡಿಗೆಮನೆಯ ತನಕ ಬಂದಿತ್ತು. ನಗುವುದಕ್ಕೂ ಸ್ವಂತದ್ದೊಂದು ಕಾರಣವಿಲ್ಲದ ಜನ. ನನಗೆ ಆ ಹೊತ್ತು ಬಂದದ್ದು ಸಿಟ್ಟಲ್ಲ, ಹೇಸಿಗೆ. ಆದರೂ ಅವಳಿಗೆ ಇನ್ನೊಂದು ರೊಟ್ಟಿ ಹಾಕಿದೆ. ಹಸಿದವರಿಗೆ ಹಾಕಲೇಬೇಕಲ್ಲ.

ಮಗನ ಬಗ್ಗೆ ಹೇಳಿಬಿಡುತ್ತೇನೆ. ಮೂವತ್ತರ ಅಂಚಿನ ಗಂಡಸು. ತುಂಬು ಗಡ್ಡ, ಜಾಹೀರಾತು ಕಂಪನಿಯಲ್ಲಿ ಕೆಲಸ, ವಾಸ ನಮ್ಮ ಮನೆಯ ಎರಡನೇ ಬೆಡ್‌ರೂಮಿನಲ್ಲಿ. ಅವನ ಅಂಗಿ ಇಸ್ತ್ರಿ ಆಗುವುದು, ಟಿಫಿನ್ ಡಬ್ಬಿ ತುಂಬುವುದು, ಎಮಿರೇಟ್ಸ್ ಐಡಿ ನವೀಕರಣದ ನೆನಪಾಗುವುದು, ಇವೆಲ್ಲ ಮಳೆ ಬಿಸಿಲಿನಂತೆ ತಾವೇ ನಡೆಯುವ ಸಂಗತಿಗಳು ಎಂದು ಅವನು ನಂಬಿದ್ದ. ಬೇರೆ ಮನೆ ಮಾಡು ಎಂದರೆ “ರೆಂಟ್ ನೋಡೀಯೇನಮ್ಮಾ?” ಎನ್ನುತ್ತಿದ್ದ. ವಾರಕ್ಕೊಮ್ಮೆ ಯಾವುದಾದರೂ ಕೆಫೆಯಲ್ಲಿ ಮೈಕ್ ಹಿಡಿದು ನಿಂತು ಜೋಕು ಹೇಳುವುದು ಅವನ ಹವ್ಯಾಸ. ನಮ್ಮನ್ನು ಎಂದೂ ಕರೆದಿರಲಿಲ್ಲ.

ಅದೇ ದಿನಗಳಲ್ಲಿ ನಮ್ಮ ಕಡೆಯ ಹೆಂಗಸರೆಲ್ಲ ಸೇರಿ ಹೋಟೆಲೊಂದರ ಹಾಲ್‌ನಲ್ಲಿ ಒಂದು ಭಾಷಣ ಇಟ್ಟುಕೊಂಡಿದ್ದರು. ಬೆಳೆದ ಮಕ್ಕಳನ್ನು ‘ಬಿಟ್ಟುಕೊಡುವುದು’ ಹೇಗೆ ಎಂಬುದು ವಿಷಯ. ಕಿವಿಗೆ ಮೈಕು ಸಿಕ್ಕಿಸಿಕೊಂಡ ತರುಣಿಯೊಬ್ಬಳು ಪರದೆಯ ಮೇಲೆ ಹಾರುವ ಹಕ್ಕಿಯ ಚಿತ್ರ ತೋರಿಸಿ, ಇಂಡಿಯನ್ ತಾಯಂದಿರೂ ಯಹೂದಿ ತಾಯಂದಿರೂ ಗೂಡಿನ ಬಾಗಿಲು ಮುಚ್ಚಿ ಕೂರುವವರು ಎಂದಳು. ಸುತ್ತಲಿನ ಡಾಕ್ಟರು, ಇಂಜಿನಿಯರುಗಳ ಹೆಂಡಂದಿರು ಹೌದು ಹೌದು ಎಂದು ತಲೆದೂಗಿದರು. ಕೆಲವರು ಬರೆದುಕೊಂಡರು. ನನ್ನ ಹಕ್ಕಿ ಆ ಹೊತ್ತಿಗೆ ಗೂಡಿನಲ್ಲೇ ಮಲಗಿಕೊಂಡು, ವೈಫೈ ಯಾಕೆ ಸ್ಲೋ ಇದೆ ಎಂದು ನನಗೆ ಮೆಸೇಜು ಕಳಿಸುತ್ತಿತ್ತು. ಬಾಗಿಲು ತೆರೆದೇ ಇತ್ತು. ಹಾರುವ ಮನಸ್ಸು ಯಾರಿಗಿತ್ತು?

ನಾನು ಫಿಸಿಯೋಥೆರಪಿಸ್ಟ್. ಅಲ್ ಮುರಕ್ಕಬಾತಿನ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತೇನೆ. ಕೆಳಗೆ ಇರಾಕಿ ಮೀನಿನ ಹೋಟೆಲು, ಪಕ್ಕದಲ್ಲಿ ಸಿಹಿತಿಂಡಿ ಅಂಗಡಿ, ಮೇಲೆ ನಾವು. ಆ ಭಾಷಣ ಆಗಿ ಕೆಲವು ವಾರಗಳಿಗೆ ಭುಜ ಹಿಡಿದುಕೊಂಡ ಒಬ್ಬ ಮುದುಕಿ ಬಂದರು. ಹತ್ತಿ ಸೀರೆ, ಬಿಳಿ ಕೂದಲಿನ ಬಿಗಿಯಾದ ಗಂಟು. ಬಲಗೈ ಎದೆಯ ಎತ್ತರಕ್ಕಿಂತ ಮೇಲೆ ಏಳುತ್ತಿರಲಿಲ್ಲ. ನಾನು ಇಂಗ್ಲಿಷಿನಲ್ಲಿ ಸಮಾಧಾನ ಹೇಳುತ್ತ ಕೈಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿದೆ. ಅವರು ಅಪ್ಪಟ ಮರಾಠಿಯಲ್ಲಿ, ನನ್ನ ವಿದ್ಯೆಯನ್ನೂ ಅದನ್ನು ಕಲಿಸಿದವರನ್ನೂ ಸೇರಿಸಿ ಬೈದರು.

ನಾನೂ ಮರಾಠಿಯಲ್ಲೇ, “ಇನ್ನೊಂದು ಸಲ ಬೈರಿ, ಇನ್ನಷ್ಟು ತಿರುಗಿಸ್ತೀನಿ” ಎಂದೆ.

ಅವರು ನೋವಿನಲ್ಲೇ ನಕ್ಕರು. ಅವತ್ತಿನಿಂದ ಅವರು ನನಗೆ ಮಾವಶಿ, ಮರಾಠಿಯಲ್ಲಿ ಚಿಕ್ಕಮ್ಮ. ನಮ್ಮ ಮಾತೆಲ್ಲ ಮರಾಠಿಯಲ್ಲೇ ನಡೆಯಿತು. ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮಾವಶಿಯವರ ಊರು ಮುಂಬೈ ಪಕ್ಕದ ಠಾಣೆ. ಗಂಡ ರೈಲ್ವೆಯಲ್ಲಿದ್ದರು, ತೀರಿಕೊಂಡು ಬಹಳ ಕಾಲವಾಗಿತ್ತು. ಇವರು ಮುನ್ಸಿಪಾಲಿಟಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಒಬ್ಬನೇ ಮಗ, ಇಲ್ಲಿ ನೀರು ಶುದ್ಧೀಕರಣದ ಕಂಪನಿಯೊಂದರಲ್ಲಿ ಇಂಜಿನಿಯರು, ವಾರದಲ್ಲಿ ಅರ್ಧ ಅಬುಧಾಬಿಯಲ್ಲೇ ಇರುತ್ತಿದ್ದ. ಹೆಂಡತಿ ಬಿಟ್ಟುಹೋದ ಮೇಲೆ ತಾಯಿಯನ್ನು ಕರೆಸಿಕೊಂಡಿದ್ದ. ಒಂದು ತಿಂಗಳಿಗೆಂದು ಬಂದವರು ವರ್ಷ ಕಳೆದಿದ್ದರು.

ಚಿಕಿತ್ಸೆ ನಡೆಯುವಾಗ ಅವರ ಫೋನು ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಮಾವಶಿ ಎತ್ತುತ್ತಿರಲಿಲ್ಲ. ಆಮೇಲೆ ಕ್ಲಿನಿಕ್ಕಿನ ರಿಸೆಪ್ಷನ್ನಿಗೆ ಫೋನು ಬರುತ್ತಿತ್ತು. ಮಗನದು. ತಾಯಿ ಬಂದು ಮುಟ್ಟಿದರೇ, ಏನಾದರೂ ತಿಂದರೇ, ಬಿಸಿನೀರಿನ ಚೀಲ ಹೆಚ್ಚು ಬಿಸಿ ಇಲ್ಲವಷ್ಟೇ?

“ಮಗಾ ಬಹಳ ಕಾಳಜಿ ಮಾಡ್ತಾನ” ಎಂದೆ ಒಂದು ದಿನ.

“ಕಾಳಜಿ ಅಲ್ಲ ಅದು. ಒಬ್ಬನ ಇರೋದು ಬರೂದುಲ್ಲ ಅವಗ” ಎಂದರು ಮಾವಶಿ. “ನನ್ನ ಎಳಕೊಂಡು ಬಂದು ಸೋಫಾದಾಗ ಇಟ್ಟಾನ. ಠಾಣೆದಾಗ ನಂದೊಂದು ಮನಿ ಅದ, ಮುಂಜಾನೆ ಕೆರೆ ದಂಡಿಗೆ ತಿರುಗ್ಯಾಡೋ ಗೆಳತ್ಯಾರು ಅದಾರ. ಹೋಗ್ತೀನಿ ಅಂದ್ರ ಅಳ್ತಾನ. ನಲವತ್ತೈದು ವರ್ಷದ ಗಂಡಸು.”

ತಾಯಿಯ ಬಾಯಿಂದ ಮಗನ ಬಗ್ಗೆ ಇಷ್ಟು ತಣ್ಣಗಿನ ಮಾತು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ನನ್ನ ಮನಸ್ಸು ಹಗುರಾಯಿತು.

ಅವರು ಯಹೂದಿ ಎಂದು ತಿಳಿದದ್ದು ತಿಂಡಿಯ ಡಬ್ಬಿಯೊಂದರಿಂದ. ಭುಜ ಸ್ವಲ್ಪ ಸಡಿಲವಾದ ದಿನ ಮಾವಶಿ ನನಗೆಂದು ಅವಲಕ್ಕಿ ತಂದಿದ್ದರು. ಬೆಲ್ಲ, ತೆಂಗಿನತುರಿ, ಏಲಕ್ಕಿ ಬೆರೆಸಿ, ಮೇಲೆ ಬಾಳೆಹಣ್ಣು, ಖರ್ಜೂರದ ಹೋಳು. ಯಾವ ದೇವರ ಪ್ರಸಾದ ಎಂದು ಕೇಳಿದೆ. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು. ಅವರ ಜನ ಕೊಂಕಣದ ದಂಡೆಯ ಹಳೆಯ ಯಹೂದಿಗಳು, ಎಷ್ಟೋ ತಲೆಮಾರಿನ ಹಿಂದೆ ಬಂದವರು. ಹರಕೆ ತೀರಿದಾಗ ಪ್ರವಾದಿಯೊಬ್ಬರ ಹೆಸರಿನಲ್ಲಿ ಹೀಗೆ ಅವಲಕ್ಕಿ ಮಾಡಿ ಹಂಚುತ್ತಾರೆ.

“ಮಗ ಯಾರಿಗೂ ಹೇಳಬ್ಯಾಡ ಅಂದಾನ. ಟ್ಯಾಕ್ಸಿಯವರು ಕೇಳಿದ್ರ ಮರಾಠಿ ಮಂದಿ ಅನ್ನು, ಖಲಾಸ್. ಆ ಇಸ್ರೇಲ್ ಕಡೆ ಯುದ್ಧ ನಡದದಲ್ಲ, ಅದಕ್ಕ ಅವಗ ಅಂಜಿಕಿ. ಇಲ್ಲಿ ನನಗ ಯಾರೂ ಏನೂ ಅಂದಿಲ್ಲ ಬಿಡು.” ಆಮೇಲೆ, “ನಮ್ಮ ಹಿರ್‍ಯಾರು ಎಣ್ಣಿ ಗಾಣದವರು. ಶನಿವಾರ ಗಾಣ ನಿಲ್ಲಸ್ತಿದ್ರು. ಅದಕ್ಕ ಊರವರು ಶನಿವಾರ ತೇಲಿ ಅಂತಿದ್ರು” ಎಂದರು. ತೇಲಿ ಎಂದರೆ ಮರಾಠಿಯಲ್ಲಿ ಗಾಣಿಗ.

ನನ್ನ ಕೈ ಅವರ ಭುಜದ ಮೇಲೇ ನಿಂತಿತು. “ನಾವೂ ಗಾಣಿಗರು, ಮಾವಶಿ. ನಮ್ಮಲ್ಲೆ ಸೋಮವಾರ ಎತ್ತು ಹೂಡೂದಿಲ್ಲ.”

“ಅಂದ್ರ ನೀವು ಸೋಮವಾರ ತೇಲಿ” ಎಂದರು ಅವರು ಗಂಭೀರವಾಗಿ. ಇಬ್ಬರೂ ಅವಲಕ್ಕಿ ತಿಂದೆವು.

ಹೀಗೆ ನನಗೆ ಒಬ್ಬ ಯಹೂದಿ ತಾಯಿ ಸಿಕ್ಕರು. ತಿನ್ನು ತಿನ್ನು ಎನ್ನದವರು. ಮಗನ ಫೋನನ್ನು ಎತ್ತದವರು. ಅವನನ್ನು ಬಿಟ್ಟುಹೋಗಲು ಹೊಂಚುಹಾಕುತ್ತಿದ್ದವರು. ನನ್ನ ಮನೆಯ ಮೇಜಿನ ಸುತ್ತ ಕೂತು ನಕ್ಕ ಪಂಡಿತರನ್ನು ನೆನೆದು ಬಾಯಿ ಕಹಿಯಾಯಿತು. ಮಾವಶಿಗೆ ಆ ಸಂಗತಿ ಹೇಳಿದೆ. ಯಹೂದಿ ತಾಯಿ ಎಂದರೆ ಹೀಗಂತೆ, ಹಾಗಂತೆ ಎಂದು ವಿವರಿಸಿದೆ. ಅವರು ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಹತ್ತಿಸುತ್ತ, ಅದೇ ಅವರ ವ್ಯಾಯಾಮ, ಎಲ್ಲ ಕೇಳಿಸಿಕೊಂಡರು.

“ಯಾರು ಹೇಳಿದ್ದು?”

“ನನ್ನ ಮಗಾ ಮತ್ತು ಅವನ ಗೆಳ್ಯಾರು.”

“ಅವರವ್ವಂದಿರು ಅವರನ್ನ ನೋಡಿ ಏನಂತಾರಂತ? ಅದಕ್ಕೊಂದು ಜೋಕ್ ಇಲ್ಲೇನು?”

ಇರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ನನ್ನ ಗಂಡ ಜೆಬೆಲ್ ಅಲಿಯಿಂದ ಕಂಪನಿ ಬಸ್ಸಿನಲ್ಲಿ ಬರುತ್ತ ಫೋನಿನಲ್ಲಿ ಒಂದು ಪೋಸ್ಟರು ನೋಡಿದರು. ಅಲ್ಲಿನ ವೇರ್‌ಹೌಸಿನಲ್ಲಿ ಯಂತ್ರಗಳ ಉಸ್ತುವಾರಿ ಅವರದು. ಬಸ್ಸಿನಲ್ಲಿ ಅವರಿಗೆ ಬೇರೆ ಕೆಲಸವಿಲ್ಲ. ಮನೆಗೆ ಬಂದವರೇ, “ಏ, ನಿನ್ನ ಹೆಸರಿನ್ಯಾಗ ನಾಟಕ ಆಗಾಕತ್ತೈತಿ ನೋಡಿಲ್ಲೆ” ಎಂದು ತೋರಿಸಿದರು. ಮಗನ ಫೋಟೋ. ಕೆಳಗೆ ಇಂಗ್ಲಿಷಿನಲ್ಲಿ, ‘ನನ್ನ ದೇಸಿ ಜ್ಯೂಯಿಶ್ ಮದರ್’. ಗಂಡನಿಗೆ ಹೆಮ್ಮೆಯಾಗಿತ್ತು. ಮಗ ಪೋಸ್ಟರಿನ ಮೇಲೆ ಬಂದಿದ್ದಾನೆ ಎನ್ನುವುದಷ್ಟೇ ಅವರಿಗೆ ಕಂಡದ್ದು.

ಮಾವಶಿಗೆ ಹೇಳಿದಾಗ ಅವರು ತಕ್ಷಣ, “ಹೋಗೂಣು” ಎಂದರು. “ನನ್ನ ಮ್ಯಾಲಿನ ಜೋಕ್ ಅಂದ್ರ ನಾ ಕೇಳಬ್ಯಾಡೇನು?”

ತಮ್ಮ ಮಗನಿಗೆ ಅವರು ನನ್ನ ಮನೆಗೆ ಊಟಕ್ಕೆ ಹೋಗುತ್ತೇನೆಂದು ಹೇಳಿದರು. ಸಂಜೆ ನನ್ನ ಕೆಲಸ ಮುಗಿದ ಮೇಲೆ ಇಬ್ಬರೂ ಮೆಟ್ರೋದ ಹೆಂಗಸರ ಡಬ್ಬಿಯಲ್ಲಿ ಅಲ್ ಬರ್ಷಾಕ್ಕೆ ಬಂದೆವು. ಶವರ್ಮಾ ಅಂಗಡಿಯ ಮೇಲಿನ ಕೆಫೆ. ಮಡಚುವ ಕುರ್ಚಿಗಳು, ಗೋಡೆಗೆ ಇಟ್ಟಿಗೆಯ ಚಿತ್ರದ ಕಾಗದ. ನಾವು ಕೊನೆಯ ಸಾಲಿನಲ್ಲಿ ಕೂತೆವು. ಮೊದಲಿಬ್ಬರು ಬಂದು ಡೇಟಿಂಗ್ ಬಗ್ಗೆ, ಪಾರ್ಕಿಂಗ್ ಬಗ್ಗೆ ಏನೋ ಹೇಳಿದರು. ಆಮೇಲೆ ನನ್ನ ಮಗ ಬಂದ. ನಾನು ಹಿಂದಿನ ದಿನ ಇಸ್ತ್ರಿ ಮಾಡಿಟ್ಟ ನೀಲಿ ಅಂಗಿ.

ಅವನು ನನ್ನನ್ನು ಅಣಕಿಸಿದ. ಸೊಂಟದ ಮೇಲೆ ಕೈಯಿಟ್ಟು, ಮೂಗಿನಲ್ಲಿ ಎಳೆದು, “ತಮ್ಮಾ, ಉಂಡೀ ಏನೋ” ಎಂದ. ನಾನು ಹಾಗೆ ನಿಲ್ಲುವವಳಲ್ಲ, ನನ್ನ ದನಿ ಹಾಗಿಲ್ಲ. ಅದು ನನ್ನ ದನಿಯ ಅಣಕವೂ ಅಲ್ಲ, ಯಾವುದೋ ಹಿಂದಿ ಧಾರಾವಾಹಿಯ ಅತ್ತೆಯದು. ಆಮೇಲೆ ಹೇಳಿದ: ನಮ್ಮ ಮನೆಯಲ್ಲಿ ಬಲ್ಬು ಹೋದರೆ ನಮ್ಮಮ್ಮ ಬದಲಿಸುವುದಿಲ್ಲ, ಇರಲಿ ಬಿಡು ಮಗಾ, ನಾನು ಕತ್ತಲಲ್ಲೇ ಕೂರುತ್ತೇನೆ ಎನ್ನುತ್ತಾಳೆ. ಜನ ನಕ್ಕರು. ನಮ್ಮ ಮನೆಯಲ್ಲಿ ಬಲ್ಬು ಬದಲಿಸುವವಳು ನಾನು. ಸ್ಟೂಲಿನ ಮೇಲೆ ಹತ್ತಿ, ಹಳೆಯದನ್ನು ತಿರುಗಿಸಿ ತೆಗೆದು, ಹೊಸದನ್ನು ಹಾಕುವವಳು. ಅವನು ಕೆಳಗೆ ನಿಂತು ಸ್ಟೂಲು ಹಿಡಿದದ್ದೂ ಇಲ್ಲ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ನನ್ನ ಬಗ್ಗೆ ಹೇಳಲು ಅವನಿಗೆ ಒಂದು ಸ್ವಂತ ಸಂಗತಿ ಸಿಕ್ಕಿರಲಿಲ್ಲ. ನನ್ನನ್ನು ಆಡಿಕೊಂಡದ್ದಕ್ಕಿಂತ ಅದು ನನಗೆ ಹೆಚ್ಚು ತಾಕಿತು. ಆಡಿಕೊಳ್ಳುವಷ್ಟು ಕೂಡ ಅವನು ನನ್ನನ್ನು ನೋಡಿರಲಿಲ್ಲ.

ಕೊನೆಗೆ ಅವನು ಹಣೆಯ ಮೇಲೆ ಕೈಯಿಟ್ಟು ಸಭೆಯನ್ನು ಹುಡುಕುವವನಂತೆ ನಟಿಸಿ, “ಎನಿ ಜ್ಯೂಯಿಶ್ ಮದರ್ಸ್ ಇನ್ ದ ಹೌಸ್?” ಎಂದ. ದುಬೈಯ ಕೆಫೆಯಲ್ಲಿ ಅಂಥವರು ಯಾರಿರುತ್ತಾರೆ ಎನ್ನುವುದೇ ಅಲ್ಲಿನ ನಗೆ.

ಮಾವಶಿ ಎಡಗೈ ಎತ್ತಿದರು.

“ಐ ಆಮ್” ಎಂದು ಶಾಲೆಯ ದನಿಯಲ್ಲಿ ಹೇಳಿದರು.

ಎಲ್ಲರೂ ತಿರುಗಿ ನೋಡಿದರು. ಮಗನೂ ನೋಡಿದ, ಪಕ್ಕದಲ್ಲಿದ್ದ ನನ್ನನ್ನೂ ನೋಡಿದ. “ಫ್ರಂ... ಎಲ್ಲಿಂದ ಬಂದಿದೀರಿ, ಮ್ಯಾಮ್?” ಎಂದು ಇಂಗ್ಲಿಷಿನಲ್ಲಿ ತಡವರಿಸಿದ.

“ಠಾಣೆ ವೆಸ್ಟ್.”

ಜನ ನಕ್ಕರು. ಮಾವಶಿ ನಗಲಿಲ್ಲ. ಗಣಿತದ ಟೀಚರು ತಪ್ಪು ಲೆಕ್ಕದ ಹುಡುಗನನ್ನು ಬೋರ್ಡಿಗೆ ಕರೆದಂತೆ, ತಮ್ಮ ಮರಾಠಿ ಬೆರೆತ ಇಂಗ್ಲಿಷಿನಲ್ಲಿ ಒಂದೊಂದೇ ಕೇಳಿದರು.

“ಆ ಬಲ್ಬಿನ ಮಾತು ನನಗೆ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಬಲ್ಬು ಹೋದರೆ ಹೊಸದು ಹಾಕುತ್ತೇವೆ. ನೀನು ಎಲ್ಲಿರುತ್ತೀ?”

“ವಿತ್ ಮೈ ಪೇರೆಂಟ್ಸ್.”

“ನಿನ್ನ ಬಟ್ಟೆ ಯಾರು ತೊಳೆಯುತ್ತಾರೆ?”

“ಮಷೀನ್.”

“ಮಷೀನಿಗೆ ಯಾರು ಹಾಕುತ್ತಾರೆ?”

ಜನ ಕುರ್ಚಿ ಬಡಿದು ನಕ್ಕರು. ಮಾವಶಿ ಅದಕ್ಕೂ ಕಾದು, ಸದ್ದು ಇಳಿದ ಮೇಲೆ ಹೇಳಿದರು: “ಯಹೂದಿ ತಾಯಿ ಹೇಗಿರುತ್ತಾಳೋ ನನಗೆ ಗೊತ್ತಿಲ್ಲ. ಒಬ್ಬೊಬ್ಬಳು ಒಂದೊಂದು ಥರ. ಆದರೆ ನನಗೂ ಒಬ್ಬ ಮಗ ಇದ್ದಾನೆ. ಯಹೂದಿ ಮಗ, ಹಿಂದೂ ಮಗ, ಈ ಇಬ್ಬರು ಮಾತ್ರ ಒಂದೇ ಥರ.”

ಅವತ್ತಿನ ಅತಿ ದೊಡ್ಡ ಚಪ್ಪಾಳೆ ಅದಕ್ಕೆ ಬಿತ್ತು. ನಾನು ಚಪ್ಪಾಳೆ ತಟ್ಟಲಿಲ್ಲ. ಮಗನ ಮುಖವನ್ನೇ ನೋಡುತ್ತಿದ್ದೆ. ನಾಚಿಕೆ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಕೆಳಗಿಳಿದವನೇ ಓಡಿಬಂದು ನಮ್ಮಿಬ್ಬರನ್ನೂ ತಬ್ಬಿಕೊಂಡು, “ಅಮ್ಮಾ, ದಟ್ ವಾಸ್ ಗೋಲ್ಡ್. ಈ ಆಂಟಿನ ಎಲ್ಲಿಂದ ಹಿಡ್ಕೊಂಡ್ ಬಂದಿ? ಪ್ರತಿ ವಾರ ಕರ್ಕೊಂಡ್ ಬಾ” ಎಂದ. ಕಣ್ಣು ಹೊಳೆಯುತ್ತಿದ್ದವು. ತನ್ನನ್ನು ಯಾರಾದರೂ ಏನಾದರೂ ಅಂದರೆ ಅದೂ ಅವನಿಗೆ ಸರಕು. ಅಂಥವನನ್ನು ಏನು ಅಂದು ತಿದ್ದುವುದು?

ಮರುದಿನ ಮಧ್ಯಾಹ್ನದ ಹೊತ್ತಿಗೆ ಅದರ ವಿಡಿಯೋ ಊರೆಲ್ಲ ಓಡಾಡುತ್ತಿತ್ತು. ಹಾಕಿದವನು ನನ್ನ ಮಗನೇ. ಮಾವಶಿಯ ಮುಖ ಸ್ಪಷ್ಟ. ಕೆಳಗೆ ದಪ್ಪ ಅಕ್ಷರದಲ್ಲಿ, ದುಬೈಯ ನಿಜವಾದ ಜ್ಯೂಯಿಶ್ ಮದರ್. ಅವರನ್ನು ಕೇಳಿರಲಿಲ್ಲ, ನನ್ನನ್ನು ಕೇಳಿರಲಿಲ್ಲ.

ನನಗೆ ಅದು ತಿಳಿದದ್ದು ಮಾವಶಿಯ ಮಗ ಕ್ಲಿನಿಕ್ಕಿಗೆ ನುಗ್ಗಿಬಂದಾಗ. ಅಬುಧಾಬಿಯಿಂದ ನೇರವಾಗಿ ಬಂದಿದ್ದ. ಬೊಜ್ಜು ಬಂದ, ಸೌಮ್ಯ ಮುಖದ ಮನುಷ್ಯ.

“ಯಾರಿಗೂ ಹೇಳಬೇಡ ಅಂತ ಅವಳಿಗೆ ಹೇಳಿದ್ದೆ. ನೀವು ಅವಳನ್ನ ಕರಕೊಂಡು ಹೋಗಿ ಮೈಕಿನ ಮುಂದ ಕೂಡಿಸಿದ್ರಿ” ಎಂದ ಮರಾಠಿಯಲ್ಲಿ. “ನಾಳೆ ಏನಾದ್ರೂ ಆದ್ರ? ನನ್ನ ಕೆಲಸ ಹೋದ್ರ?”

ಅವನ ಅಂಜಿಕೆಯಲ್ಲಿ ಹುರುಳಿಲ್ಲ ಎನ್ನಲಾರೆ. ಕೆಳಗಿನ ಕಾಮೆಂಟುಗಳನ್ನು ನಾನೂ ಓದಿದೆ; ಹೆಚ್ಚಿನವು ನಗು, ಮೆಚ್ಚುಗೆ, ನಡುನಡುವೆ ಹೇಸಿಗೆಯ ಮಾತು. ಇಬ್ಬರಿಗೂ ಏನೂ ಆಗಲಿಲ್ಲ, ಯಾರೂ ಬಾಗಿಲು ತಟ್ಟಲಿಲ್ಲ. ಆದರೆ ಅವತ್ತು ಅದು ಯಾರಿಗೆ ಗೊತ್ತಿತ್ತು? ವಿಡಿಯೋ ಇವತ್ತೇ ತೆಗೆಸುತ್ತೇನೆ ಎಂದು ಅವನಿಗೆ ಮಾತು ಕೊಟ್ಟೆ.

ಅವನು ಅಲ್ಲಿಗೆ ನಿಲ್ಲಿಸಿದ್ದರೆ ನನಗೆ ಅವನ ಮೇಲೆ ಮರುಕ ಉಳಿಯುತ್ತಿತ್ತು. “ಅವಳು ಇನ್ನ ಮನಿ ಬಿಟ್ಟು ಹೊರಗ ಬರೂದಿಲ್ಲ. ಭುಜದ ವ್ಯಾಯಾಮ ನಾನೇ ಮಾಡಿಸ್ತೀನಿ” ಎಂದು ಕುರ್ಚಿಯಲ್ಲಿ ಕುಸಿದು ಅಳತೊಡಗಿದ. “ಅವಳು ಅಷ್ಟು ಮಂದಿ ಮುಂದ ಹೇಳಬೇಕಾಗಿತ್ತೇನು ನನ್ನ ಬಗ್ಗೆ? ನಾ ಅವಳಿಗೆ ಏನ್ ಕಡಿಮಿ ಮಾಡೀನಿ?”

ವಿಡಿಯೋದಲ್ಲಿ ಅವನಿಗೆ ನಿಜಕ್ಕೂ ಚುಚ್ಚಿದ್ದು ಯಾವುದು ಎಂಬುದು ಆಗ ತಿಳಿಯಿತು. ನೀರು ಕುಡಿಸಿ ಕಳಿಸಿದೆ.

ಮನೆಗೆ ಬಂದಾಗ ಮಗ ಸೋಫಾದ ಮೇಲೆ ಕಾಲು ಚಾಚಿ ಫೋನು ನೋಡುತ್ತಿದ್ದ. ಗಂಡ ಅವನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು.

“ಅದನ್ನ ತಗಿ” ಎಂದೆ.

“ಯಾಕಮ್ಮಾ? ಇಟ್ಸ್ ಡೂಯಿಂಗ್ ಸೋ ವೆಲ್. ಅಂಡ್ ಇಟ್ಸ್ ಹೋಲ್‌ಸಮ್. ಜನ ಎಲ್ಲಾ ಆಂಟಿನ ಲವ್ ಮಾಡಾಕತ್ತಾರ.”

“ಆಕಿನ್ನ ಕೇಳಿ ಹಾಕೀಯೇನು?”

“ಶೀ ರೇಸ್ಡ್ ಹರ್ ಹ್ಯಾಂಡ್. ಪಬ್ಲಿಕ್ ಪ್ಲೇಸ್ ಅದು.”

ಮಾವಶಿ ಯಾರು, ಯಾಕೆ ಬಾಯಿ ಮುಚ್ಚಿಕೊಂಡು ಬದುಕುತ್ತಿದ್ದರು, ಎಲ್ಲ ಹೇಳಿದೆ. ಅವನು ಕೇಳಿದ. ಕೇಳಿದ ಮೇಲೆ ಹೇಳಿದ್ದು ಇದು: “ಓಕೆ, ಮುಖ ಬ್ಲರ್ ಮಾಡ್ತೀನಿ. ಆದ್ರ ತೆಗೀಬೇಕಂದ್ರ... ಅಮ್ಮಾ, ನೀ ಈಗ ನೋಡು, ಎಕ್ಸಾಕ್ಟ್ಲಿ ಜ್ಯೂಯಿಶ್ ಮದರ್ ಥರಾನೇ ಮಾಡಾಕತ್ತಿ.”

ಗಂಡ, “ಹೋಗ್ಲಿ ಬಿಡ, ಹುಡುಗೂರು” ಎಂದರು.

ನಾನು ಕಿರುಚಲಿಲ್ಲ. ಅವನ ಪಕ್ಕ ಕೂತು ಹೇಳಿದೆ: “ಈಗ ನನ್ನ ಮುಂದ ತಗಿ. ಈ ತಿಂಗಳು ಮುಗಿಯೋದ್ರಾಗ ನಿನಗೊಂದು ರೂಮು ನೋಡ್ಕೊ. ನಾಳಿಯಿಂದ ನಿನ್ನ ಅಂಗಿ ನಾ ಮುಟ್ಟೂದಿಲ್ಲ. ಇದರಾಗ ಸಿಟ್ಟಿಲ್ಲ. ನೀ ಮಕ್ಕಳಾಟಕಿ ಮಾಡೂ ವಯಸ್ಸು ದಾಟಿದಿ, ನಾ ಅದನ್ನ ನೋಡಿ ನಗೂ ವಯಸ್ಸು ದಾಟಿದೆ.”

ಅವನು ಅಪ್ಪನ ಮುಖ ನೋಡಿದ. ಅಪ್ಪ ರಿಮೋಟು ಎತ್ತಿ ಟೀವಿಯ ಚಾನೆಲ್ ಬದಲಿಸಿದರು. ಮಗ ವಿಡಿಯೋ ತೆಗೆದ. ಅಷ್ಟರಲ್ಲಿ ಬೇರೆಯವರು ಅದನ್ನು ಹಂಚಿಕೊಂಡಾಗಿತ್ತು. ಅವನ್ನು ತೆಗೆಸಲು ಒಬ್ಬೊಬ್ಬರಿಗೂ ಬರೆದ. ನಾನು ಪಕ್ಕದಿಂದ ಏಳಲಿಲ್ಲ. ಕೆಲವರು ತೆಗೆದರು, ಕೆಲವರು ತೆಗೆಯಲಿಲ್ಲ.

ಮಾವಶಿ ಕ್ಲಿನಿಕ್ಕಿಗೆ ಬರುವುದು ನಿಂತಿತು. ಫೋನು ಮಾಡಿದರೆ ಮಗ ಎತ್ತಿ, ಅಮ್ಮ ಮಲಗಿದ್ದಾಳೆ ಎನ್ನುತ್ತಿದ್ದ. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ, ಮಗ ಅಬುಧಾಬಿಗೆ ಹೋದ ದಿನ, ಮಾವಶಿ ಸಣ್ಣ ಸೂಟ್‌ಕೇಸಿನ ಜೊತೆ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತಿದ್ದರು.

“ಮಧ್ಯಾಹ್ನ ವಿಮಾನ ಅದ. ಅದಕ್ಕಿಂತ ಮೊದಲ ಒಮ್ಮೆ ಭುಜ ನೋಡಿಬಿಡು. ಅಲ್ಲಿ ಹೋಗಿ ಏನೇನು ಮಾಡಬೇಕು ಹೇಳು.”

“ಮಗಗ ಹೇಳೀರೇನು?”

“ಹೇಳೀನಿ. ನಿನ್ನೆ ಊಟ ಮಾಡುಮುಂದ ಹೇಳಿದೆ. ಅತ್ತ. ತಾಟು ಹಂಗ ಬಿಟ್ಟು ಎದ್ದ. ನಾ ಉಂಡೆ.”

ಅವರ ಕೈಯನ್ನು ಬಿಸಿ ಮಾಡಿ, ಎತ್ತಿ, ತಿರುಗಿಸಿದೆ. ಕಿವಿಯ ಮೇಲಿನ ತನಕ ಬರುತ್ತಿತ್ತು ಈಗ. ನನ್ನಿಂದಾಗಿ ಹೀಗಾಯಿತಲ್ಲ ಎಂಬ ಅರ್ಥದ ಏನೋ ಮಾತಾಡಿದೆ. ಅವರು ಅದನ್ನು ಮುಂದುವರಿಯಲು ಬಿಡಲಿಲ್ಲ.

“ಕೈ ಎತ್ತಿದಾಕಿ ನಾನು. ವರ್ಷ ಆಗಿತ್ತು ನಾ ಯಾರು ಅಂತ ಬಾಯಿ ಬಿಟ್ಟು ಹೇಳಿ. ಚಲೋ ಅನಸ್ತು. ಆ ಮೂರ್ಖ ಹುಡುಗ ಕೇಳಿದ ಅಂತ ಹೇಳ್ದೆ. ಬ್ಯಾರೆ ಯಾರೂ ಕೇಳಿರಲಿಲ್ಲ.”

ಮೂರ್ಖ ಹುಡುಗ ನನ್ನ ಮಗ. ನಾನು ಅಲ್ಲಗಳೆಯಲಿಲ್ಲ. ಕೆಳಗೆ ಕಾದಿದ್ದ ಟ್ಯಾಕ್ಸಿಯವನು ಪಾಕಿಸ್ತಾನದವನು, ಸೂಟ್‌ಕೇಸ್ ಎತ್ತಿಡುತ್ತ, ಯಾವ ಊರು ಅಮ್ಮಾಜೀ ಎಂದು ಹಿಂದಿಯಲ್ಲಿ ಕೇಳಿದ. ಮಾವಶಿ ಠಾಣೆ ಎಂದರು, ಆಮೇಲೆ ಯಹೂದಿ ಎಂದರು. ಅವನು, ಅಚ್ಛಾ, ಏರ್‌ಪೋರ್ಟ್ ಟರ್ಮಿನಲ್ ಯಾವುದು ಎಂದ.

ಮಗ ಮನೆ ಬಿಟ್ಟ. ಮುರಕ್ಕಬಾತಿನಲ್ಲೇ, ನನ್ನ ಕ್ಲಿನಿಕ್ಕಿನಿಂದ ಎರಡು ಬೀದಿ ಆಚೆ, ಮೂವರು ಕೇರಳದ ಹುಡುಗರ ಜೊತೆ ಒಂದು ಶೇರಿಂಗ್ ರೂಮು. ಅಷ್ಟು ದೊಡ್ಡ ಊರಿನಲ್ಲಿ ಅವನಿಗೆ ಬೇರೆ ಜಾಗ ಸಿಗಲಿಲ್ಲವಂತೆ. ದಿನಕ್ಕೆ ಎಷ್ಟೋ ಸಲ ಫೋನು. ಬೇಳೆ ಎಷ್ಟು ಸೀಟಿ, ಬಿಳಿ ಬಟ್ಟೆ ಬೇರೆ ಹಾಕಬೇಕೇ, ಗಂಟಲು ಕೆರೆಯುತ್ತಿದೆ ಏನು ಮಾಡಲಿ. ನಾನು ರೋಗಿಗಳ ನಡುವೆ ಇದ್ದಾಗ ಎತ್ತುವುದಿಲ್ಲ. ಆಗ ರಿಸೆಪ್ಷನ್ನಿಗೆ ಮಾಡುತ್ತಾನೆ. ಅಲ್ಲಿನ ಫಿಲಿಪೀನಿ ಹುಡುಗಿ, “ಮ್ಯಾಮ್, ಯುವರ್ ಬೇಬಿ” ಎಂದು ಬಂದು ಹೇಳುತ್ತಾಳೆ. ಅವಳಿಗೂ ಮಗನಿದ್ದಾನೆ, ದೂರದ ದ್ವೀಪದಲ್ಲಿ ಅಜ್ಜಿಯ ಹತ್ತಿರ, ಐದು ವರ್ಷದವನು. ತನ್ನ ಬಟ್ಟೆ ತಾನೇ ಮಡಿಚಿಕೊಳ್ಳುತ್ತಾನಂತೆ.

ಮಾವಶಿ ಠಾಣೆಯಿಂದ ಆಗಾಗ ಮಾತಾಡುತ್ತಾರೆ. ಕೆರೆಯ ದಂಡೆಯ ತಿರುಗಾಟ ಮತ್ತೆ ಶುರುವಾಗಿದೆ. ಹೋದ ತಿಂಗಳು ಮಾತಾಡಿದಾಗ ದನಿಯಲ್ಲಿ ಕಳವಳವಿತ್ತು. “ಮುಂಬೈಗೆ ಟ್ರಾನ್ಸ್‌ಫರ್ ಕೇಳ್ಯಾನಂತ. ಇಲ್ಲೇ ಬಂದು ಇರ್ತೀನಿ ಅಂದ. ನಾ ಈಗ ಎಲ್ಲಿಗೆ ಹೋಗಲಿ?” ಅವರು ತಮಾಷೆ ಮಾಡುತ್ತಿರಲಿಲ್ಲ.

ನನ್ನ ಮಗ ತಾಯಂದಿರ ಮೇಲಿನ ಜೋಕು ಬಿಟ್ಟಿದ್ದಾನೆ. ಈಗ ಮಲಯಾಳಿ ರೂಮ್‌ಮೇಟುಗಳ ಮೇಲೆ ಹೇಳುತ್ತಾನೆ: ಕೊಬ್ಬರಿ ಎಣ್ಣೆ, ಲುಂಗಿ, ಎಲ್ಲರೂ ನರ್ಸನ್ನೇ ಮದುವೆಯಾಗುವುದು. ಆ ಮೂವರಲ್ಲಿ ಒಬ್ಬ ಚಿತ್ರ ಬಿಡಿಸುತ್ತಾನೆ, ಒಬ್ಬನಿಗೆ ಮಾತು ತೊದಲುತ್ತದೆ, ಇನ್ನೊಬ್ಬ ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲರಿಗೂ ಚಹಾ ಮಾಡುತ್ತಾನೆ. ನಾನು ಒಮ್ಮೆ ಹೋಗಿ ಅರ್ಧ ತಾಸು ಕೂತಾಗ ತಿಳಿದದ್ದು ಇದು. ತಿಂಗಳುಗಟ್ಟಲೆ ಅವರ ಜೊತೆ ಮಲಗಿ ಎದ್ದವನಿಗೆ ಕಂಡದ್ದು ಎಣ್ಣೆ, ಲುಂಗಿ.

ಮೊನ್ನೆ ಫೋನು ಮಾಡಿ, ಮುಂದಿನ ವಾರ ಶೋ ಇದೆ, ಬರುತ್ತೀಯಾ ಎಂದು ಕೇಳಿದ. ಇಲ್ಲ ಎಂದೆ. ಯಾಕೆ ಎಂದು ಕೇಳಲಿಲ್ಲ. ಹಾಗಾದರೆ ಅಪ್ಪನ ಕೈಯಲ್ಲಿ ರೊಟ್ಟಿ, ಎಣ್ಣೆಗಾಯಿ ಕಳಿಸುತ್ತೀಯಾ ಎಂದ. ಅದಕ್ಕೂ ಇಲ್ಲ ಎಂದೆ.